ಎಂಜಿಬಿ: ಷಾಕ್ ಬದಲಿಸೋ ಮೊದಲು ಕಿಂಗ್‌ಪಿನ್ ನೋಡಿ

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಮುಂಭಾಗ ಗಡಗಡ ಅಂದರೆ ಎಲ್ಲರೂ ಬೈಯೋದು ಆ ಲಿವರ್ ಆರ್ಮ್ ಡ್ಯಾಂಪರನ್ನೇ, ಅಂದರೆ ತೋಳಿರೋ ಹಳೇ ಮಾದರಿಯ ಷಾಕನ್ನೇ. ಅದರ ಬದಲು ಟೆಲಿಸ್ಕೋಪಿಕ್ (ಕೊಳವೆಯಾಕಾರದ) ಷಾಕ್ ಕಿಟ್ ತರಿಸಿಬಿಡ್ತಾರೆ. ದಯವಿಟ್ಟು ಆತುರಪಡಬೇಡಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಕಟ್ಟಿದ ಈ ಕಾರಿನ ಸ್ಟಿಯರಿಂಗ್ ಹದವಾಗಿರೋದು ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗೋ ನೆಟ್ಟನೆಯ ಪಿನ್, ಚೆನ್ನಾಗಿದ್ದರೆ ಮಾತ್ರ.

ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ ಅಲುಗಾಟ) ಸಿಕ್ಕರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ. ಆಗ ಪ್ಲೇ ಹೋದರೆ ವೀಲ್ ಬೇರಿಂಗ್ ಸಡಿಲ. ಹೋಗದಿದ್ದರೆ ಕಿಂಗ್‌ಪಿನ್, ಅದರ ತಲೆಯನ್ನ ತೋಳಿಗೆ ಸೇರಿಸೋ ಟ್ರನಿಯನ್ನಿನ ಬುಷ್ ಅಥವಾ ಡ್ಯಾಂಪರ್ ಸ್ಪಿಂಡಲ್ (ತೋಳು ಕೂತಿರೋ ಶಾಫ್ಟ್) ಸವೆದಿದೆ. ಈ ಕಾರಲ್ಲಿ ಡ್ಯಾಂಪರಿನ ತೋಳೇ ಮೇಲಿನ ವಿಷ್‌ಬೋನ್, ಅಂದರೆ ಚಕ್ರವನ್ನ ಬಾಡಿಗೆ ಜೋಡಿಸೋ ಕವಲು ತೋಳು. ಸ್ಪಿಂಡಲ್ ಸವೆದರೆ ಕ್ಯಾಂಬರ್ (ಚಕ್ರದ ಓರೆ) ಕೂಡ ಕೆಡುತ್ತೆ, ಎಣ್ಣೆ ತುಂಬಿಸಿ ಪ್ರಯೋಜನವಿಲ್ಲ. ಕೆಲವು ಕಿಟ್‌ಗಳಲ್ಲಂತೂ ಆ ಹಳೇ ತೋಳು ಹಾಗೇ ಉಳಿಯುತ್ತೆ. ರೋಗ ಎಲ್ಲಿ ವಾಸಿಯಾಯ್ತು?

ಬಿಚ್ಚುವಾಗ ಸ್ಪ್ರಿಂಗ್ ಬಗ್ಗೆ ಭಯ ಇರಲಿ. ಸ್ಟ್ಯಾಂಡ್ ಕಾರಿನ ಬಾಡಿ ಕೆಳಗೆ, ಟ್ರಾಲಿ ಜಾಕ್ ಸ್ಪ್ರಿಂಗ್ ಪ್ಯಾನ್ (ಸ್ಪ್ರಿಂಗ್ ಕೂರೋ ತಟ್ಟೆ) ಕೆಳಗೆ. ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಕಟ್ಟಿ, ಹೋಸ್ ಮೇಲೆ ಭಾರ ಬೀಳಬಾರದು. ಸ್ಟಿಯರಿಂಗಿನ ಟೈ ರಾಡ್ ಬಿಡಿಸಿ. ಆಮೇಲೆ ಮೇಲಿನ ಟ್ರನಿಯನ್ ಬೋಲ್ಟ್ ತೆಗೆದು, ಜಾಕನ್ನ ನಿಧಾನ ಇಳಿಸಿದರೆ ಸ್ಪ್ರಿಂಗ್ ತಾನೇ ಸಡಿಲ ಆಗುತ್ತೆ. ಜಾಕ್ ಎದುರಿಗೆ ಮುಖ ಇಡಬೇಡಿ.

ಕೈಕೊಡೋದು ಕಿಂಗ್‌ಪಿನ್ ಬುಡವನ್ನ ಕೆಳಗಿನ ವಿಷ್‌ಬೋನಿಗೆ ಸೇರಿಸೋ ಬೋಲ್ಟು. ಗ್ರೀಸ್ ಕಾಣದೆ ಅದು ತನ್ನ ಸುತ್ತಲಿನ ಡಿಸ್ಟೆನ್ಸ್ ಟ್ಯೂಬಿಗೆ (ಲೋಹದ ಕೊಳವೆ) ತುಕ್ಕು ಹಿಡಿದು ಕಚ್ಚಿಕೊಂಡಿರುತ್ತೆ. ಸುತ್ತಿಗೆಯಲ್ಲಿ ಹೊಡೆದು ವಿಷ್‌ಬೋನ್ ತೋಳು ಸೊಟ್ಟ ಮಾಡೋದಕ್ಕಿಂತ ಹ್ಯಾಕ್‌ಸಾದಲ್ಲಿ ಕತ್ತರಿಸೋದು ವಾಸಿ. ಬೋಲ್ಟ್, ಟ್ಯೂಬ್, ಥ್ರಸ್ಟ್ ವಾಷರ್, ಸೀಲ್ ಎಲ್ಲ ಹೊಸದು ಹಾಕಿ. ತೋಳಿನ ತೂತು ಮೊಟ್ಟೆಯಾಕಾರ ಆಗಿದ್ದರೆ ತೋಳೂ ಬದಲಿಸಿ.

ಈಗ ಕಿಂಗ್‌ಪಿನ್. ಹೊಸ ಬುಷ್ ಒತ್ತುವಾಗ ಅದರ ತೂತು ಗ್ರೀಸ್ ನಿಪ್ಪಲಿನ (ಗ್ರೀಸ್ ಹೊಡೆಯೋ ಮೂತಿ) ತೂತಿಗೆ ಸರಿಯಾಗಿ ಎದುರಾಗಬೇಕು, ಇಲ್ಲವಾದರೆ ಎಷ್ಟು ಗ್ರೀಸ್ ಹೊಡೆದರೂ ಒಳಗೆ ಹೋಗಲ್ಲ. ಒತ್ತಿದ ಮೇಲೆ ಎರಡೂ ಬುಷ್‌ಗಳನ್ನ ಒಂದೇ ನೇರದಲ್ಲಿ ರೀಮ್ ಮಾಡಬೇಕು, ಅಂದರೆ ತೂತನ್ನ ನಿಖರ ಅಳತೆಗೆ ಕೆರೆಯಬೇಕು. ರೀಮರ್ ಇಲ್ಲದಿದ್ದರೆ ಒಳ್ಳೆ ಲೇತ್ ಅಂಗಡಿಗೆ ಕೊಡಿ. ಉಪ್ಪುಕಾಗದದಲ್ಲಿ ಉಜ್ಜಿ ತೂರಿಸಿದ ಪಿನ್ ಬಿಗಿಯಾಗಿ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರಲ್ಲ. ಇಲ್ಲಿ ಉಳಿಸೋ ದುಡ್ಡು ದಂಡ.

ಕೆಳಗಿನ ವಿಷ್‌ಬೋನಿನ ಒಳತುದಿಯ ಬುಷ್‌ಗೆ ರಸ್ತೆ ಕಾರಾದರೆ ಎಂಜಿಬಿ ವಿ8 ಕಾರಿನ ಮಾದರಿಯೇ ಸಾಕು: ರಬ್ಬರ್, ಮಧ್ಯೆ ಲೋಹದ ಕೊಳವೆ. ಪಾಲಿಯುರಿಥೇನ್ ಗಟ್ಟಿ, ಆದರೆ ರಸ್ತೆಯ ಕುಲುಕಾಟವನ್ನ ಕಾರಿನ ಬಾಡಿಗೆ ಹೆಚ್ಚು ದಾಟಿಸುತ್ತೆ. ಈ ಬುಷ್‌ನ ನಟ್ಟನ್ನ ಕಾರು ಚಕ್ರದ ಮೇಲೆ ನಿಂತಾಗಲೇ ಬಿಗಿ ಮಾಡಿ. ಚಕ್ರ ತೂಗಾಡುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಪ್ರತಿ ಬದಿಗೂ 3 ನಿಪ್ಪಲ್. 3,000 ಮೈಲಿಗೊಮ್ಮೆ, ಅಂದರೆ ಸುಮಾರು 5,000 ಕಿಲೋಮೀಟರಿಗೆ ಗ್ರೀಸ್ ಹೊಡೆಯಿರಿ. ಚಕ್ರ ನೆಲ ಬಿಟ್ಟಿರಲಿ, ಭಾರ ಇದ್ದಾಗ ಒತ್ತಡದ ಕಡೆಗೆ ಗ್ರೀಸ್ ತಲುಪಲ್ಲ. ಹೊಸ ಗ್ರೀಸ್ ಅಂಚಲ್ಲಿ ಕಾಣೋವರೆಗೂ ನಿಲ್ಲಿಸಬೇಡಿ.