ಹಗುರ ಅಂದಮ್ಯಾಲ ಹಗುರನೇ ಇರ್ಬೇಕು

ಶರಣು ಶರಣಾರ್ಥಿ ಎಲ್ಲಾರಿಗೂ. ಕಲಬುರಗಿಯಿಂದ ನಾನು, ನನ್ನ ಮುಂದ ಅದೇ 2009ರ ಕೋರ್ ಟು ಡುಯೋ, 2 ಜಿಬಿ ರ್‍ಯಾಮ್. ಇದ್ರಾಗ ಹಾಕೀನಿ ಹಳೇ ಮಷೀನಿಗಂತ ಮಾಡಿದ "ಹಗುರ" ಲಿನಕ್ಸ್, ವಿಂಡೋಸ್ ಬದ್ಲಿ ಓಡೋ ಸಿಸ್ಟಮ್. ಇವತ್ತು ಬ್ಯಾರೆ ವಿಷಯ ಮಾತಾಡೋದಿತ್ತು. ಆದ್ರ ಈ ಹಗುರ ಲಿನಕ್ಸೂ ಸ್ಲೋ ಆಗ್ತದ ಅಂತ ಹೋದ ವಿಡಿಯೋದಾಗ ಅಂದಿದ್ದಕ್ಕ ಒಬ್ಬ ತಮ್ಮ ಬರದಾನ: "ಅಣ್ಣಾ, ಲಿನಕ್ಸ್ ಸ್ಲೋ ಇಲ್ಲ, ನಿನ್ನ ಡಬ್ಬಾ ಹಳೇದು. ಗುಜರಿಗೆ ಹಾಕು." ಎರಡು ದಿನ ಆಯ್ತು, ಆ ಮಾತು ತಲ್ಯಾಗಿಂದ ಹೋಗವಲ್ದು.

ಸೋಮವಾರ ಏನಾಯ್ತು ಕೇಳ್ರಿ. ಮುಂಜಾನಿ 10ಕ್ಕ ಅಂಗಡಿ ತೆಗದು ಮಷೀನ್ ಚಾಲೂ ಮಾಡೀನಿ. ಆಳಂದ ಕಡೀಂದ ಒಬ್ರು ಯಜಮಾನ್ರು ಪಹಣಿಗೆ ಬಂದಾರ. ಸರ್ವೆ ನಂಬರ್ ಬರದ ಚೀಟಿ ಅಂಗಿ ಕಿಸೆದಾಗ ಬೆವರಿಗೆ ಮೆತ್ತಗಾಗ್ಯದ, ಬಿಡಿಸಿ ಬಿಡಿಸಿ ತೋರಸ್ಲಿಕತ್ತಾರ. ಹೋಬಳಿ ಆರಿಸಿದೆ, ಊರು ಆರಿಸಿದೆ, ಮೌಸಿನ ಬಾಣ ಅಲ್ಲೇ ನಿಂತುಬಿಡ್ತು. ಹಾರ್ಡ್ ಡಿಸ್ಕ್ ದೀಪ ಆರವಲ್ದು, ಒಳಗ ಕರ್ ಕರ್ ಸಪ್ಪಳ. "ತಮ್ಮಾ, ಕರೆಂಟ್ ಹೋಯ್ತೇನು?" ಅಂತ ಕೇಳಿದ್ರು. ಆಜ್ಞೆ ಟೈಪ್ ಮಾಡೋ ಟರ್ಮಿನಲ್ ತೆಗೀಲಿಕ್ಕೇ ಎರಡು ನಿಮಿಷ ಹಿಡೀತು. ಯಾವ ಕೆಲಸ ಮಷೀನ್ ತಿನ್ಲಿಕತ್ತದ ಅಂತ ತೋರಸೋ ಟಾಪ್ ಹೊಡದ್ರ ಎಲ್ಲಕ್ಕಿಂತ ಮ್ಯಾಲ ಕುಂತದ: "ಅಪ್‌ಡೇಟ್-ಆಪ್ಟ್-ಝೇಪಿ". ಹೆಸರು ಪೂರ್ತಿ ಕಾಣೋದೂ ಇಲ್ಲ, 15 ಇಂಗ್ಲಿಷ್ ಅಕ್ಷರಕ್ಕ ಕತ್ತರಿಸಿಬಿಡ್ತದ.

ಇದೇನಪಾ ಅಂದ್ರ, ಆಪ್ಟ್-ಝೇಪಿಯನ್-ಇಂಡೆಕ್ಸ್. ಡೆಬಿಯನ್, ಉಬುಂಟು ಕುಟುಂಬದ ಲಿನಕ್ಸ್‌ನಾಗ ಇರೋ ಎಲ್ಲಾ ಪ್ಯಾಕೇಜುಗಳ, ಅಂದ್ರ ಹಾಕ್ಕೋಬಹುದಾದ ಸಾಫ್ಟ್‌ವೇರ್‌ಗಳ, ಹೆಸರು, ವಿವರಣೆ ಓದಿ ಹುಡುಕಲಿಕ್ಕೆ ಪಟ್ಟಿ ಮಾಡಿ ಇಡ್ತದ. 2023ರ ಡೆಬಿಯನ್ 12ರಾಗ 64 ಸಾವಿರಕ್ಕಿಂತ ಜಾಸ್ತಿ ಪ್ಯಾಕೇಜ್ ಅವ. ನನ್ನ ಅಂಗಡಿಗೆ ಬೇಕಾಗಿದ್ದು ಒಂದು ಬ್ರೌಸರ್, ಒಂದು ಪ್ರಿಂಟರ್. ವಾರಕ್ಕೊಮ್ಮೆ ಓಡೋ ಕೆಲಸ ಅದು, ಭಾನುವಾರ ನಸುಕಿನ್ಯಾಗ. ಆವಾಗ ಮಷೀನ್ ಬಂದ್ ಇದ್ರ ಅನಾಕ್ರಾನ್ ಅನ್ನೋದು ನೆನಪಿಟ್ಕೊಂಡು, ಚಾಲೂ ಮಾಡಿದ ಮ್ಯಾಲ ಸುಮಾರು 10 ನಿಮಿಷಕ್ಕ ಓಡಸ್ತದ. ಗಿರಾಕಿ ಬಂದು ನಿಲ್ಲೋ ಹೊತ್ತಿಗೇ! ಹಗುರ ಅಂತ ಹೆಸರಿಟ್ಟೀರಿ ಅಂದಮ್ಯಾಲ ಹಗುರನೇ ಇರ್ಬೇಕು.

"ಅದು ನೈಸ್ 19ರಾಗ ಓಡ್ತದ, ಎಲ್ಲಾರ ಹಿಂದ ಸರದಿ ನಿಲ್ತದ" ಅಂತ ಬರೀತೀರಿ. ಗೊತ್ತದ. ನೈಸ್ ನೋಡೋದು ಸಿಪಿಯು ಸರದಿ. ರ್‍ಯಾಮ್ ಏನು ಮಾಡ್ತೀರಿ? ಬ್ರೌಸರ್ ಮೊದ್ಲೇ 2 ಜಿಬಿ ತುಂಬಿಸಿ ಕುಂತಿರ್ತದ. ಇದು ಬಂದು ಜಾಗ ಕೇಳಿದ ಕೂಡ್ಲೇ ಎಲ್ಲಾ ರ್‍ಯಾಮ್ ಸಾಲದಾಗ ಬಳಸೋ ಜಾಗಕ್ಕ, ಅಂದ್ರ ಸ್ವಾಪ್‌ಗೆ ಹೋಗ್ತದ, ಸ್ವಾಪ್ ಇರೋದು ಅದೇ ತಿರುಗೋ ಡಿಸ್ಕ್ ಮ್ಯಾಲ. ಹಿಂದ ನಿಂತವರು ಬಾಗ್ಲಿಗೇ ಅಡ್ಡ ನಿಂತ್ರ ಯಾರು ಒಳಗ ಹೋಗ್ಬೇಕ್ರಿ?

"ಮಷೀನ್ ಬ್ಯಾಟರಿ ಮ್ಯಾಲ ಇದ್ರ ಆ ಕೆಲಸ ಓಡಂಗಿಲ್ಲ" ಅಂತ ಇನ್ನೊಬ್ರು. ಹಳೇ ಲ್ಯಾಪ್‌ಟಾಪ್ ಹಿಡದವರನ್ನ ಕೇಳ್ರಿ, ಬ್ಯಾಟರಿ ಸತ್ತು ಎಷ್ಟು ವರ್ಷ ಆಯ್ತಂತ. ದಿನಾ ಪ್ಲಗ್‌ಗೇ ಕಟ್ಟಿಹಾಕಿರ್ತೀವಿ. ಆ ಚೆಕ್ ನಮಗ ಎದಕ ಬರ್ತದ? ಹಗುರ ಅಂದಮ್ಯಾಲ ಹಗುರ ಇರ್ಬೇಕು!

ಮತ್ತ ಇದು ಒಂದೇ ಅಲ್ಲ. ಫೈಲ್ ಹುಡುಕಲಿಕ್ಕೆ ಅಪ್‌ಡೇಟ್‌ಡಿಬಿ ದಿನಾ ಓಡ್ತದ, ಸಾಫ್ಟ್‌ವೇರ್ ಹಾಕೋ ತೆಗಿಯೋ ಪ್ಯಾಕೇಜ್‌ಕಿಟ್ ಬ್ಯಾರೆ, ಅಪ್‌ಡೇಟ್ ತರೋ ಆಪ್ಟ್ ಡೈಲಿ ಬ್ಯಾರೆ. ಆಪ್ಟ್ ಡೈಲಿ ಬಿಡ್ರಿ, ಸೆಕ್ಯೂರಿಟಿಗೆ ಬೇಕು, ನಾನೂ ತೆಗದಿಲ್ಲ. ಆದ್ರ ಈ ಪಟ್ಟಿ? ಟರ್ಮಿನಲ್‌ನಾಗ ಸುಡೋ ಆಪ್ಟ್ ರಿಮೂವ್ ಆಪ್ಟ್-ಝೇಪಿಯನ್-ಇಂಡೆಕ್ಸ್, ಹೊಡದು ಒಗೀರಿ. ಝೇಪಿಯನ್ ಬರೆಯೋದು ಎಕ್ಸ್‌ನಿಂದ, ಝಡ್ ಹೊಡೀಬ್ಯಾಡ್ರಿ. ಪ್ಯಾಕೇಜ್ ಹುಡುಕಿ ಹಾಕೋ ಸಿನಾಪ್ಟಿಕ್‌ನಾಗ ಮ್ಯಾಲಿರೋ ಕ್ವಿಕ್ ಫಿಲ್ಟರ್ ಡಬ್ಬಿ ಹೋಗ್ತದ, ಸರ್ಚ್ ಗುಂಡಿ ಹಂಗೇ ಇರ್ತದ. ನಮ್ಮಂಥೋರಿಗೆ ಅಷ್ಟೇ ಹೋಗೋದು.

ಬರೋ ವಾರ ರ್‍ಯಾಮ್‌ನಾಗಿರೋದನ್ನೇ ಒತ್ತಿ ಸಣ್ಣದು ಮಾಡಿಡೋ ಝಡ್‌ರ್‍ಯಾಮ್ ಹ್ಯಾಂಗ ಹಾಕೋದು ತೋರಸ್ತೀನಿ, ಇದೇ ಮಷೀನ್ ಮ್ಯಾಲ. ಸಬ್‌ಸ್ಕ್ರೈಬ್ ಮಾಡಿಲ್ಲಂದ್ರ ಮಾಡ್ರಿ, ಹಳೇ ಮಷೀನ್ ಇರೋ ಗೆಳೆಯಾರಿಗೆ ಕಳಸ್ರಿ.

"ಎಸ್‌ಎಸ್‌ಡಿ ಹಾಕ್ಸು" ಅನ್ನೋರು ಬಂದೇ ಬರ್ತೀರಿ. ಹಾಕ್ಸೋಣ, ಖರೇ. ಆದ್ರ ನನ್ನ ಮಷೀನ್ ನನ್ನ ಕೇಳ್ದೇ ಕೆಲಸ ಹಚ್ಕೋಬಾರ್ದು! ಯಜಮಾನ್ರು ನಿಂತೇ ಇದ್ರು! ಹಗುರ ಅಂದ್ರ ಹಗುರ, ಮುಗೀತು! ಪಹಣಿ ಕೈಗೆ ಸಿಗೋದ್ರಾಗ 11 ಆಯ್ತು, ಅವರು ಹಿಡೀಬೇಕಂದ ಬಸ್ ಹೋಗಿತ್ತು.

ಗುಜರಿ ಅಂದ ತಮ್ಮಾ, ಈ ಸೋಮವಾರ 10ಕ್ಕ ಅಂಗಡಿಗೆ ಬಾ. ಪಟ್ಟಿ ತೆಗದೀನಿ. ಚಹಾ ಕುಡಕೋತ ಕುಂದ್ರೋಣ, 10 ಗಂಟಿ 10 ನಿಮಿಷಕ್ಕ ಮೌಸು ನಿನ್ನ ಕೈಗೆ ಕೊಡ್ತೀನಿ.