ಜಾಡಿಯೊಳಗೆ ಒಂದು ಚಮಚ ನೀರು

ಹಾಂ, ಕ್ಯಾಮೆರಾ ಓಡ್ತಿದೆ. ಈ ಜೇನುತುಪ್ಪದ ಜಾಡಿ ಸ್ವಲ್ಪ ಹತ್ತಿರದಿಂದ ನೋಡಿ. ಕೆಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿದೆ, ಮೇಲೆ ಒಂದು ಬೆರಳಷ್ಟು ಕಂದು ಬಣ್ಣದ, ತೆಳ್ಳಗೆ ಹರಿಯೋ ಪದರ. ಇದನ್ನ ನೋಡಿದ ತಕ್ಷಣ ಬರೋ ಮಾತು ಒಂದೇ, "ಸಕ್ಕರೆ ಬೆರೆಸಿದ್ದಾರೆ". ಅಯ್ಯೋ, ಜೇನುತುಪ್ಪ ಅಂದ್ರೇನೇ ಸಕ್ಕರೆ ಕಣ್ರೀ. ನೂರು ಗ್ರಾಮಲ್ಲಿ ಸುಮಾರು 38 ಗ್ರಾಂ ಫ್ರಕ್ಟೋಸ್, 31 ಗ್ರಾಂ ಗ್ಲೂಕೋಸ್, 17-18 ಗ್ರಾಂ ನೀರು. ಅಷ್ಟು ಕಮ್ಮಿ ನೀರಲ್ಲಿ ಅಷ್ಟೊಂದು ಗ್ಲೂಕೋಸ್ ಕರಗಿ ಕೂತಿರೋದೇ ದೊಡ್ಡದು. ಒಂದು ಪರಾಗದ ಕಣವೋ ಮೇಣದ ಚೂರೋ ಸಿಕ್ಕಿದ್ರೆ ಸಾಕು, ಅದನ್ನ ಹಿಡ್ಕೊಂಡು ಹರಳು ಕಟ್ಟೋಕೆ ಶುರು. ಕಾಯಿಸದ ಜೇನುತುಪ್ಪದಲ್ಲಿ ಆ ಕಣಗಳು ಇನ್ನೂ ಇರುತ್ತವೆ, ಅದಕ್ಕೇ ಬೇಗ ಗಟ್ಟಿ. ವರ್ಷಗಟ್ಟಲೆ ಗಾಜಿನ ಥರ ತಿಳಿಯಾಗಿರೋ ಬಾಟಲಿಗಳನ್ನ ಸಾಮಾನ್ಯವಾಗಿ 60-70 ಡಿಗ್ರಿಗೆ ಕಾಯಿಸಿ, ಒತ್ತಡ ಹಾಕಿ ನುಣ್ಣಗೆ ಸೋಸಿರ್ತಾರೆ.

ಹಾಗಂತ ಹರಳು ಕಟ್ಟಿದ್ದೆಲ್ಲ ಅಪ್ಪಟ ಅಂತಲೂ ಅಲ್ಲ, ಅದೊಂದು ಬೇರೆ ಮೂಢನಂಬಿಕೆ. ಫ್ರಕ್ಟೋಸ್ ಜಾಸ್ತಿ ಇರೋ ಹೂವಿನದ್ದು ಬಹಳ ದಿನ ತೆಳ್ಳಗೇ ಇರುತ್ತೆ, ಅದೂ ಅಪ್ಪಟವೇ.

ಗಾಜಿನ ಗೋಡೆಗೆ ಅಂಟಿರೋ ಈ ಬಿಳಿ ಗೀರುಗಳು ಕಾಣ್ತಿವೆಯಾ? ಬೂಷ್ಟಲ್ಲ. ಹರಳು ಕಟ್ಟುವಾಗ ಜೇನುತುಪ್ಪ ಗಾಜಿಂದ ಸ್ವಲ್ಪ ಬಿಟ್ಟುಕೊಳ್ಳುತ್ತೆ, ಆ ಸಂದಿನಲ್ಲಿರೋ ಗಾಳಿ ಅದು. ತಲೆ ಕೆಡಿಸ್ಕೊಳ್ಳಬೇಕಾದ್ದು ಮೇಲಿನ ತೆಳು ಪದರದ ಬಗ್ಗೆ. ಗ್ಲೂಕೋಸ್ ಹರಳಾಗಿ ಕೆಳಗೆ ಹೋದಾಗ ಅದು ಹಿಡಿದಿಟ್ಟಿದ್ದ ನೀರಲ್ಲಿ ಬಹುಪಾಲು ಮೇಲೇ ಉಳಿಯುತ್ತೆ. ಹುಳಿ ಬರೋದು ಅಲ್ಲಿಂದಲೇ.

ಸರಿ, ಹರಳು ಕರಗಿಸೋಕೆ ಬಿಸಿನೀರು. ಥರ್ಮಾಮೀಟರ್ 42 ತೋರಿಸ್ತಿದೆ, ಇದಕ್ಕಿಂತ ಮೇಲೆ ಬೇಡ. ಜೇನುಗೂಡಿನ ನಡುವೆ, ಮರಿಗಳಿರೋ ಕಡೆಯೇ 35 ಡಿಗ್ರಿ ಇರುತ್ತೆ, ಹಾಗಾಗಿ 40ರ ಆಸುಪಾಸು ಜೇನುತುಪ್ಪಕ್ಕೆ ಹೊಸದೇನಲ್ಲ. ಮೈಕ್ರೋವೇವ್ ಮಾತ್ರ ಬೇಡವೇ ಬೇಡ. ಒಂದು ಮೂಲೆ ಕುದೀತಾ ಇರುತ್ತೆ, ಇನ್ನೊಂದು ಮೂಲೆ ಕಲ್ಲು. ಕುದ್ದ ಕಡೆ ಪರಿಮಳ ಹೋಗುತ್ತೆ, ಕಿಣ್ವಗಳು ಸಾಯುತ್ತವೆ, ಸಕ್ಕರೆ ಬಿಸಿಗೆ ಒಡೆದು ಹುಟ್ಟೋ ಎಚ್‌ಎಂಎಫ್ ಅನ್ನೋದು ಏರುತ್ತೆ. ಕಾಯಿಸಿದ್ದೆಷ್ಟು, ಹಳೇದೆಷ್ಟು ಅಂತ ಲ್ಯಾಬಲ್ಲಿ ಹಿಡಿಯೋದು ಅದರಿಂದಲೇ. ಕೋಡೆಕ್ಸ್ ಅನ್ನೋ ಅಂತಾರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋಗೆ 40 ಮಿಲಿಗ್ರಾಂ, ಉಷ್ಣವಲಯದ ಜೇನುತುಪ್ಪಕ್ಕೆ 80.

ಜಾಡಿ ಇಳಿಸಿದ್ದಾಯ್ತು, ಮುಚ್ಚಳ ಸುಮ್ನೆ ಮೇಲಿಟ್ಟಿದೆ... ಅಯ್ಯೋ! ಅಯ್ಯೋ, ಹೋಯ್ತು.

ನೋಡಿದ್ರಲ್ಲ? ತೇಲಿ, ವಾಲಿ, ಒಂದು ಗುಟುಕು ನೀರು ಒಳಗೆ. ಇದನ್ನ ಕಟ್ ಮಾಡಲ್ಲ, ಇಡೀ ವಿಡಿಯೋದಲ್ಲಿ ಉಪಯೋಗಕ್ಕೆ ಬರೋದೇ ಈ ಶಾಟ್. ಒಂದು ಲೀಟರ್ ಜಾಡಿಯಲ್ಲಿ ಇರೋದು ಅರ್ಧ ಕೇಜಿ ತುಪ್ಪ. ಜೇನುತುಪ್ಪ ನೀರಿಗಿಂತ 1.4 ಪಟ್ಟು ಭಾರ, ಅಂದ್ರೆ ಅರ್ಧ ಕೇಜಿ ಬರೀ 360 ಮಿಲಿಲೀಟರ್ ಆಸುಪಾಸು. ಉಳಿದದ್ದೆಲ್ಲ ಗಾಳಿ. ಹೊರಗೆ ನೀರನ್ನ ಕುತ್ತಿಗೆವರೆಗೂ ತುಂಬಿದ್ರೆ ಅದು ದೋಣಿಯೇ. ಪಾತ್ರೆಯ ನೀರು ಜಾಡಿಯೊಳಗಿನ ತುಪ್ಪದ ಮಟ್ಟಕ್ಕಿದ್ರೆ ಸಾಕಿತ್ತು, ಆಗ ಅದರ ಭಾರವೇ ಅದನ್ನ ಕೂರಿಸ್ತಿತ್ತು. ಮುಚ್ಚಳವನ್ನೂ ಬಿಗಿ ಮಾಡಬಹುದಿತ್ತು, 42 ಡಿಗ್ರಿಗೆ ಒಡೆಯೋ ಅಷ್ಟು ಒತ್ತಡ ಏನೂ ಬರಲ್ಲ. ಸಡಿಲ ಬಿಟ್ಟಿದ್ದು ದಡ್ಡತನ.

ಒಂದು ದೊಡ್ಡ ಚಮಚ ನೀರಿಗೆ ಇಷ್ಟು ಗಲಾಟೆ ಯಾಕೆ ಅಂತೀರಾ? ಲೆಕ್ಕ ಹಾಕಿ. 500 ಗ್ರಾಂ ತುಪ್ಪ, ಅದರಲ್ಲಿ ನೂರಕ್ಕೆ 18 ಭಾಗ ನೀರು ಅಂದ್ರೆ 90 ಗ್ರಾಂ. ಒಳಗೆ ಹೋಗಿದ್ದು 15 ಗ್ರಾಂ. ಈಗ 515ರಲ್ಲಿ 105, ಅಂದ್ರೆ 20.4 ಭಾಗ. ಕೋಡೆಕ್ಸಿನ ಸಾಮಾನ್ಯ ಮಿತಿ 20. ಸಕ್ಕರೆಯಲ್ಲೂ ಬದುಕೋ ಯೀಸ್ಟ್ ಕಾಯಿಸದ ತುಪ್ಪದಲ್ಲಿ ಇದ್ದೇ ಇರುತ್ತೆ. 17 ಭಾಗದ ಕೆಳಗೆ ಅದು ಮಲಗಿರುತ್ತೆ, 20 ದಾಟಿದ್ರೆ ಎದ್ದು ಕೂರುತ್ತೆ. ಮುಚ್ಚಳ ತೆಗೆದಾಗ ಬುಸ್ ಅಂದ್ರೆ, ನೊರೆ ಉಕ್ಕಿದ್ರೆ, ಹೆಂಡದ ವಾಸನೆ ಬಂದ್ರೆ ಕೆಲಸ ಮುಗೀತು ಅಂತ.

ಆದ್ರೆ ಈಗಲೇ ಎಲ್ಲಾ ಹಾಳಾಗಿಲ್ಲ. ಕಲಕಬೇಡಿ! ಕೈ ತುರಿಸುತ್ತೆ, ಕಲಕಬೇಡಿ. ನೀರು ಹಗುರ, ಮೇಲೇ ನಿಂತಿದೆ, ಪಕ್ಕದಿಂದ ನೋಡಿದ್ರೆ ಗೆರೆ ಕಾಣುತ್ತೆ. ಚಮಚದಲ್ಲಿ ಮೆಲ್ಲಗೆ ಎತ್ತಿ, ಉಳಿದದ್ದನ್ನ ಟಿಶ್ಯೂ ಅಂಚಿಂದ ಹೀರಿಸಿ, ಮೇಲಿನ ಒಂದು ಬೆರಳು ತುಪ್ಪವನ್ನ ಬೇರೆ ಬಟ್ಟಲಿಗೆ ತೆಗೀರಿ. ಬಟ್ಟಲಿನದ್ದು ಫ್ರಿಜ್ಜಿಗೆ, ನಾಲ್ಕೈದು ದಿನದಲ್ಲಿ ಖಾಲಿ. ಕೆಳಗಿನದ್ದು ಬಚಾವ್.

ಮತ್ತೆ ಬಿಸಿನೀರಿಗೆ. ಈ ಸಲ ಮುಚ್ಚಳ ಬಿಗಿ, ನೀರು ಅರ್ಧ. ನೀರು ತಣ್ಣಗಾದಾಗಲೆಲ್ಲ ಬದಲಾಯಿಸ್ತಾ ಮೂರ್ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತು ಮಾತಾಡ್ಬೇಕಲ್ಲ, ಜೇನುತುಪ್ಪ ಎತ್ತೋ ಈ ಗೀರು ಗೀರಿನ ಮರದ ಕೋಲು, ಡಿಪ್ಪರ್ ಬಗ್ಗೆ ಬೈಯ್ಯೋಣ. ತೊಳೆದ್ರೆ ಆ ಗೀರುಗಳಲ್ಲಿ ನೀರು ನಿಲ್ಲುತ್ತೆ, ಒಣಗೋಕೆ ಒಂದು ದಿನ, ಕೆಲವರು ಅದನ್ನ ಜಾಡಿಯೊಳಗೇ ಇಟ್ಟು ಮುಚ್ಚಳ ತೆರೆದಿಡ್ತಾರೆ. ಜೇನುತುಪ್ಪ ಗಾಳಿಯ ತೇವ ಹೀರುತ್ತೆ, ಪಕ್ಕದಲ್ಲಿ ಈರುಳ್ಳಿ ಇದ್ರೆ ಅದರ ವಾಸನೆಯನ್ನೂ. ಒಣಗಿದ ಸ್ಟೀಲ್ ಚಮಚ ಸಾಕು. "ಲೋಹ ತಾಗಬಾರದು" ಅಂತಾರಲ್ಲ, ಅದು ತಿಂಗಳುಗಟ್ಟಲೆ ಕಬ್ಬಿಣದ ಡಬ್ಬಿಯಲ್ಲಿ ಇಡೋ ಮಾತು, ಯಾಕಂದ್ರೆ ತುಪ್ಪ ಹುಳಿ, ಪಿಎಚ್ ಸುಮಾರು 4. ಸ್ಟೀಲ್ ಚಮಚಕ್ಕೆ ಏನೂ ಆಗಲ್ಲ.

ನೀರಿನ ಲೋಟಕ್ಕೆ ಹಾಕಿ ನೋಡೋದು, ಬತ್ತಿಗೆ ಹಚ್ಚಿ ಉರಿಸೋದು, ಇವೆಲ್ಲ ಬಿಡಿ. ಗಟ್ಟಿ ಸಕ್ಕರೆ ಪಾಕವೂ ಮುಳುಗುತ್ತೆ, ಅದೂ ಉರಿಯುತ್ತೆ. ಜೋಳ, ಕಬ್ಬಿನ ಸಿರಪ್ ಹಿಡಿಯೋಕೆ ಲ್ಯಾಬಲ್ಲಿ ಇಂಗಾಲದ ಐಸೋಟೋಪ್, ಅಂದ್ರೆ ತೂಕ ಬೇರೆ ಇರೋ ಇಂಗಾಲದ ಪರಮಾಣುಗಳನ್ನ ನೋಡ್ತಾರೆ, ಅಕ್ಕಿ ಸಿರಪ್ ಅದರಿಂದಲೂ ತಪ್ಪಿಸ್ಕೊಳ್ಳುತ್ತೆ. ಮನೆಯಲ್ಲಿ ಸರಿಯಾಗಿ ಅಳೆಯಬಹುದಾದ್ದು ನೀರಿನ ಪ್ರಮಾಣ ಒಂದೇ. ಬೆಳಕು ಬಾಗೋದರಿಂದ ನೀರು ಅಳೆಯೋ ಜೇನುತುಪ್ಪದ ರಿಫ್ರಾಕ್ಟೋಮೀಟರಿನ ಗಾಜಿಗೆ ಒಂದು ಹನಿ, ಕಣ್ಣಿಟ್ಟು ನೋಡಿದ್ರೆ ಒಳಗಿನ ಗೆರೆ ನೀರೆಷ್ಟು ಅಂತ ತೋರಿಸುತ್ತೆ. ಹನಿ ಪೂರ್ತಿ ಕರಗಿರಬೇಕು, ಹರಳಿದ್ರೆ ಗೆರೆ ಮಸುಕು.

ಇಡೋದೆಲ್ಲಿ? ಗಾಜಿನ ಜಾಡಿ, ಬಿಗಿ ಮುಚ್ಚಳ, ಕತ್ತಲೆ ಕಪಾಟು, ಒಲೆಯಿಂದ ದೂರ. ಫ್ರಿಜ್ ಬೇಡ, ಅಲ್ಲಿ ಸುಮ್ನೆ ಗಟ್ಟಿಯಾಗಿ ಚಮಚ ಬಗ್ಗುತ್ತೆ. ಹರಳು ಅತಿ ಬೇಗ ಕಟ್ಟೋದು 14 ಡಿಗ್ರಿ ಹತ್ತಿರ. ಅದನ್ನೇ ಉಪಯೋಗಿಸಿ ಬೆಣ್ಣೆ ಥರ ಮಾಡೋದೂ ಇದೆ, ಕಾರ್ನೆಲ್ ವಿಶ್ವವಿದ್ಯಾಲಯದ ಎಲ್ಟನ್ ಡೈಸ್ 1930ರ ದಶಕದಲ್ಲಿ ರೂಪಿಸಿದ ವಿಧಾನ. ಅವರು ಮೊದಲು ಕಾಯಿಸ್ತಿದ್ರು, ನಾವು ಕಾಯಿಸೋದು ಬಿಡೋಣ. ತೆಳು ತುಪ್ಪ 10 ಭಾಗಕ್ಕೆ ನುಣ್ಣನೆ ಹರಳಿನದ್ದು 1 ಭಾಗ, ಗುಳ್ಳೆ ಬರದ ಹಾಗೆ ಕಲಸಿ 14 ಡಿಗ್ರಿಯಲ್ಲಿ ಒಂದು ವಾರ. ತೆಳು ತುಪ್ಪದಲ್ಲಿ ಒರಟು ಹರಳು ಉಳಿದಿದ್ರೆ ಇಡೀ ಜಾಡಿ ಮರಳು ಮರಳು.

ಹಾಂ, ಮರೆಯೋ ಮುಂಚೆ. ಒಂದು ವರ್ಷದೊಳಗಿನ ಮಗುವಿಗೆ ನೆಕ್ಕಿಸೋದೂ ಬೇಡ. ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ತರೋ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಮನೆಯಲ್ಲಿ ಕುದಿಸಿದ್ರೂ ಅದು ಸಾಯಲ್ಲ.

ಜಾಡಿ ತಿಳಿಯಾಯ್ತು, ತಳದಲ್ಲಿ ಒಂದಿಷ್ಟು ಮೋಡ ಉಳಿದಿದೆ, ಇರಲಿ. ಅರ್ಧ ಚಮಚ ನಾಲಿಗೆ ಮೇಲೆ ಇಟ್ಟು, ನುಂಗದೆ ಬಾಯಿ ಮುಚ್ಚಿ, ಮೂಗಿಂದ ಉಸಿರು ಬಿಡಿ. ಹೂವಿನ ವಾಸನೆ ಬರೋದು ಆಗ. ಚಹಾಕ್ಕೆ ಹಾಕೋದಾದ್ರೆ ಕುಡಿಯೋ ಬಿಸಿಗೆ ಇಳಿದ ಮೇಲೆ ಹಾಕಿ. ಈಗ ಬ್ರೆಡ್ ಮೇಲೆ... ಚಮಚದಲ್ಲಿ ಒಂದೇ ಕಡೆ ಗುಡ್ಡೆ ಬೀಳ್ತಿದೆ. ಆ ಡಿಪ್ಪರ್ ಕೊಡಿ ಇಲ್ಲಿ. ತಿರುಗಿಸ್ತಾ ಎಳೆ ಬಿಟ್ರೆ, ಹಾಂ, ಕೂದಲೆಳೆ ಥರ ಸಣ್ಣಗೆ, ಬ್ರೆಡ್ ತುಂಬಾ. ಸರಿ ಸರಿ, ಬೈದದ್ದು ವಾಪಸ್. ಒಣಗಿಸಿ ಮಾತ್ರ ಇಡಿ, ಬ್ರೆಡ್ ಒದ್ದೆಯಾಗ್ತಿದೆ, ಕ್ಯಾಮೆರಾ ಆಫ್.