ಸ್ಲೊವೇನಿಯಾ: ಸಣ್ಣ ದೇಶ, ಎತ್ತರದ ನೆಟ್

ಕೇಳುಗರಿಗೆ ನಮಸ್ಕಾರ.

ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊಯೇಷಿಯಾ ಈ ನಾಲ್ಕರ ನಡುವೆ ಇರುವ ಸ್ಲೊವೇನಿಯಾದ ಜನಸಂಖ್ಯೆ ಸುಮಾರು 21 ಲಕ್ಷ. 2011ರ ಜನಗಣತಿಯ ಹೊತ್ತಿಗೆ ನಮ್ಮ ಮೈಸೂರು ಜಿಲ್ಲೆಯೊಂದರಲ್ಲೇ 30 ಲಕ್ಷ ಜನ ಇದ್ದರು. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾದ ಈ ದೇಶದ ಪುರುಷರ ವಾಲಿಬಾಲ್ ತಂಡ 2015, 2019, 2021ರ ಯುರೋಪ್ ಚಾಂಪಿಯನ್‌ಶಿಪ್‌ಗಳಲ್ಲಿ ಬೆಳ್ಳಿ ಗೆದ್ದಿತು, 2023ರಲ್ಲಿ ಕಂಚು. ಪೋಲೆಂಡಿಗಂತೂ ಇದು ಬಿಡದ ಕಾಟ. 2015, 2017, 2019, 2021, ನಾಲ್ಕು ಸಲವೂ ಯುರೋಪ್ ಕೂಟದಲ್ಲಿ ಪೋಲೆಂಡಿನ ಚಿನ್ನದ ಆಸೆ ಮುರಿದದ್ದು ಸ್ಲೊವೇನಿಯಾವೇ. ಅದರಲ್ಲಿ ಎರಡು ಸಲ ಪೋಲೆಂಡಿನದೇ ಅಂಗಳದಲ್ಲಿ, ಕ್ರಾಕೊವ್ ಮತ್ತು ಕತೊವಿತ್ಸೆ ನಗರಗಳಲ್ಲಿ.

"ಛಲ ಇತ್ತು, ಗೆದ್ದರು" ಎಂದು ಇದನ್ನು ವಿವರಿಸುವವರಿದ್ದಾರೆ. ಛಲ ಎಲ್ಲ ತಂಡಗಳಿಗೂ ಇರುತ್ತದೆ. ಇಲ್ಲಿ ನೋಡಬೇಕಾದದ್ದು ಆಟಗಾರರ ಲೆಕ್ಕ, ಅದರಲ್ಲೂ ಬೆಂಚಿನ ಲೆಕ್ಕ.

ವಿಶ್ವ ಚಾಂಪಿಯನ್‌ಶಿಪ್‌ನಂಥ ಕೂಟಕ್ಕೆ 14 ಆಟಗಾರರು. ಸಾಮಾನ್ಯ ಹಂಚಿಕೆ ಹೀಗೆ: ಇಬ್ಬರು ಸೆಟ್ಟರ್, ಅಂದರೆ ನಮ್ಮ ಊರ ಕೋರ್ಟುಗಳ ಲಿಫ್ಟರ್, ಇಬ್ಬರು ಅಪೊಸಿಟ್, ಅಂದರೆ ಸೆಟ್ಟರ್‌ಗೆ ಎದುರು ಜಾಗದಲ್ಲಿ ನಿಂತು ಹೊಡೆಯುವವರು, ನಾಲ್ವರು ಔಟ್‌ಸೈಡ್ ಹಿಟ್ಟರ್, ಅಂದರೆ ಅಂಚಿನಿಂದ ಹೊಡೆಯುವವರು, ನಾಲ್ವರು ಮಿಡಲ್ ಬ್ಲಾಕರ್, ಅಂದರೆ ನೆಟ್ಟಿನ ಮಧ್ಯದಲ್ಲಿ ತಡೆಯುವವರು, ಇಬ್ಬರು ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ರಕ್ಷಣೆ ಮಾತ್ರ ಮಾಡುವವರು. ಒಲಿಂಪಿಕ್ಸ್‌ಗೆ 12 ಜನ ಮಾತ್ರ. ಆಗ ಒಬ್ಬ ಮಿಡಲ್, ಒಬ್ಬ ಲಿಬೆರೊ ಮನೆಯಲ್ಲೇ ಉಳಿಯಬೇಕು. ಅಂಗಳದ ಆರು ಜನ, ಜೊತೆಗೆ ಲಿಬೆರೊ, ಹೀಗೆ ಒಳ್ಳೆಯ ಏಳು ಜನರನ್ನು ಹುಡುಕುವುದು ಸಣ್ಣ ದೇಶಕ್ಕೂ ಆಗದ ಮಾತಲ್ಲ. ಕಷ್ಟ ಇರುವುದು ಎರಡನೇ ಸೆಟ್ಟರ್, ಎರಡನೇ ಅಪೊಸಿಟ್, ಮೂರನೇ ಔಟ್‌ಸೈಡ್ ಹಿಟ್ಟರ್, ಈ ಮೂರು ಜಾಗದಲ್ಲಿ.

ಯಾಕೆ ಅಂತ ನೋಡೋಣ. ಸೆಟ್ಟರ್ ಹಿಂದಿನ ಸಾಲಿನಲ್ಲಿದ್ದಾಗ ಮುಂದೆ ಮೂವರು ಹೊಡೆಯುವವರು ಇರುತ್ತಾರೆ. ಅವನು ತಿರುಗಿ ಮುಂದಿನ ಸಾಲಿಗೆ ಬಂದ ಮೂರು ರೊಟೇಶನ್‌ಗಳಲ್ಲಿ ಇಬ್ಬರೇ ಉಳಿಯುತ್ತಾರೆ. ಸಾಮಾನ್ಯವಾಗಿ ಅವನೇ ಬ್ಲಾಕಿನಲ್ಲಿ ಗಿಡ್ಡ, ಹಾಗಾಗಿ ಎದುರಾಳಿ ಅವನ ತಲೆಯ ಮೇಲೆಯೇ ಹೊಡೆಯುತ್ತಾನೆ. ಇದಕ್ಕೆ ದೊಡ್ಡ ತಂಡಗಳು ಮಾಡುವ ಉಪಾಯ ಡಬಲ್ ಬದಲಾವಣೆ. ಮುಂದಿರುವ ಸೆಟ್ಟರ್ ಜಾಗಕ್ಕೆ ಎರಡನೇ ಅಪೊಸಿಟ್ ಬರುತ್ತಾನೆ, ಹಿಂದಿರುವ ಅಪೊಸಿಟ್ ಜಾಗಕ್ಕೆ ಎರಡನೇ ಸೆಟ್ಟರ್. ಒಂದೇ ಏಟಿಗೆ ಮುಂದೆ ಮತ್ತೆ ಮೂವರು ಹೊಡೆಯುವವರು, ಬ್ಲಾಕೂ ಎತ್ತರ. ಆದರೆ ಒಂದು ಸೆಟ್ಟಿಗೆ ಇರುವುದು ಆರೇ ಬದಲಿ. ಇಬ್ಬರು ಒಳಗೆ ಬರಲು ಎರಡು, ಮೊದಲಿನವರು ವಾಪಸಾಗಲು ಎರಡು, ಅಲ್ಲಿಗೆ ನಾಲ್ಕು ಮುಗಿಯಿತು. ನಾಲ್ಕನ್ನು ಖರ್ಚು ಮಾಡಿದ ಮೇಲೆ ಬರುವವರು ಹೋಗುವವರಿಗೆ ಸರಿಸಮ ಇರಬೇಕು. ಇಲ್ಲದಿದ್ದರೆ ಆ ಉಪಾಯವೇ ಎದುರಾಳಿಗೆ ಅನುಕೂಲ.

ಸ್ಲೊವೇನಿಯಾದ ಅದೃಷ್ಟವೋ ದುಡಿಮೆಯೋ, ಒಂದು ಪೀಳಿಗೆಯಲ್ಲಿ ಈ ಎರಡೂ ಜಾಗಕ್ಕೆ ಇಬ್ಬಿಬ್ಬರು ಸಿಕ್ಕರು. ಸೆಟ್ಟರ್ ಆಗಿ ಡೆಯಾನ್ ವಿನ್‌ಚಿಚ್ ಮತ್ತು ಗ್ರೆಗೊರ್ ರೊಪ್ರೆತ್, ಅಪೊಸಿಟ್ ಆಗಿ ಮಿತ್ಯಾ ಗಾಸ್ಪರಿನಿ ಮತ್ತು ಟೊನ್‌ಚೆಕ್ ಶ್ಟೆರ್ನ್. ನೆಟ್‌ ಮಧ್ಯದಲ್ಲಿ ಅಲೆನ್ ಪಾಯೆಂಕ್, ಯಾನ್ ಕೊಜಾಮೆರ್ನಿಕ್. ಹಿಂದೆ ಲಿಬೆರೊ ಯಾನಿ ಕೊವಾಚಿಚ್.

ಔಟ್‌ಸೈಡ್ ಹಿಟ್ಟರ್‌ಗಳ ಕಥೆಯೇ ಬೇರೆ. ಅಲ್ಲಿ ವರ್ಷಗಟ್ಟಲೆ ಭಾರ ಹೊತ್ತವರು ನಾಯಕ ಟಿನೆ ಉರ್ನಾವುತ್ ಮತ್ತು ಕ್ಲೆಮೆನ್ ಚೆಬುಲ್. ಈ ಜಾಗದವನಿಗೆ ಎರಡು ಕೆಲಸ: ಸರ್ವ್ ತೆಗೆದುಕೊಳ್ಳಬೇಕು, ಮರುಕ್ಷಣವೇ ಓಡಿ ಹೊಡೆಯಬೇಕು. ಕೋರ್ಟಿನ ಅಗಲ 9 ಮೀಟರ್, ತೆಗೆದುಕೊಳ್ಳುವವರು ಮೂವರು: ಇಬ್ಬರು ಔಟ್‌ಸೈಡ್, ಒಬ್ಬ ಲಿಬೆರೊ. ತಲೆಗೆ 3 ಮೀಟರ್. ಜಂಪ್ ಸರ್ವ್ ಗಂಟೆಗೆ 110 ಕಿಲೋಮೀಟರ್ ದಾಟಿ ಬರುತ್ತದೆ. ಎದುರಾಳಿ ಅದನ್ನು ಲಿಬೆರೊಗೆ ಕೊಡುವುದಿಲ್ಲ, ಇಬ್ಬರ ನಡುವಿನ ಸಂದಿಗೆ ಹಾಕುತ್ತಾನೆ, ಇಲ್ಲವೇ ಚೆನ್ನಾಗಿ ಹೊಡೆಯುವ ಔಟ್‌ಸೈಡ್‌ನ ಎದೆಗೇ ಬಿಡುತ್ತಾನೆ. ಪಾಸ್ ನೆಟ್ಟಿನಿಂದ ಮೂರು ಮೀಟರ್ ಹಿಂದೆ ಬಿದ್ದರೆ ಮಿಡಲ್ ಬ್ಲಾಕರ್‌ಗೆ ಕ್ವಿಕ್ ಬಾಲ್, ಅಂದರೆ ನೆಟ್ಟಿನ ಹತ್ತಿರ ತಗ್ಗಿನಲ್ಲಿ ಬೇಗ ಎತ್ತಿಕೊಡುವ ಚೆಂಡು, ಕೊಡುವುದು ಹೆಚ್ಚುಕಮ್ಮಿ ಅಸಾಧ್ಯ. ಆಗ ಚೆಂಡು ಎತ್ತರವಾಗಿ ಕೋರ್ಟಿನ ಅಂಚಿಗೇ ಹೋಗಬೇಕು, ಅಲ್ಲಿ ಎರಡು ಮೂರು ಜೋಡಿ ಕೈ ಕಾದಿರುತ್ತವೆ. ದೊಡ್ಡ ದೇಶ ಆ ಆಟಗಾರನನ್ನು ಕೂರಿಸಿ ಮತ್ತೊಬ್ಬನನ್ನು ಕಳಿಸುತ್ತದೆ. ಸ್ಲೊವೇನಿಯಾಕ್ಕೆ ಆ ಅನುಕೂಲ ಬಹುಕಾಲ ಇರಲಿಲ್ಲ. 2002ರಲ್ಲಿ ಹುಟ್ಟಿದ ರೋಕ್ ಮೋಜಿಚ್ ತಂಡಕ್ಕೆ ಬಂದ ಮೇಲೆಯೇ ಉಸಿರಾಡಲು ಜಾಗವಾಯಿತು.

ಫೈನಲ್‌ಗಳಲ್ಲಿ ಯಾಕೆ ಸೋತರು ಎಂಬ ಪ್ರಶ್ನೆಗೂ ನನ್ನ ಉತ್ತರದ ಅರ್ಧ ಇಲ್ಲಿದೆ. 2015ರಲ್ಲಿ ಫ್ರಾನ್ಸ್ ವಿರುದ್ಧ 0-3, 2019ರಲ್ಲಿ ಸರ್ಬಿಯಾ ವಿರುದ್ಧ 1-3, 2021ರಲ್ಲಿ ಇಟಲಿ ವಿರುದ್ಧ 2-1ರಲ್ಲಿ ಮುಂದಿದ್ದೂ 2-3. ಸೆಮಿಫೈನಲ್‌ನಲ್ಲಿ ದೈತ್ಯರನ್ನು ಬೀಳಿಸಿದ ಅದೇ ಕಾಲುಗಳು ಕೆಲವೇ ದಿನದೊಳಗೆ ಮತ್ತೆ ಹಾರಬೇಕು.

ಈ ಆಟಗಾರರು ಬೆಳೆದದ್ದು ಎಲ್ಲಿ? ದೇಶದ ಒಳಗಿನ ಲೀಗ್ ಚಿಕ್ಕದು. ಪ್ರಮುಖ ಕ್ಲಬ್ಬು ಎಸಿಎಚ್ ವಾಲಿ. ಮೊದಲು ಸರೋವರದ ಊರು ಬ್ಲೆಡ್‌ನಲ್ಲಿದ್ದು ಆಮೇಲೆ ರಾಜಧಾನಿ ಲ್ಯುಬ್ಲಿಯಾನಾಕ್ಕೆ ಬಂದ ಈ ಕ್ಲಬ್ಬು 2010ರಲ್ಲಿ ಯುರೋಪ್ ಚಾಂಪಿಯನ್ಸ್ ಲೀಗ್‌ನ ಕೊನೆಯ ನಾಲ್ಕರ ಘಟ್ಟ ತಲುಪಿತ್ತು. ಜೊತೆಗೆ ಮಾರಿಬೊರ್, ಕಾಮ್ನಿಕ್. ಮನೆಯ ಲೀಗ್ ಸಾಲದು ಎಂದು ಈ ಕ್ಲಬ್ಬುಗಳು ಸುತ್ತಲಿನ ದೇಶಗಳ ಜೊತೆ ಸೇರಿ ಮಧ್ಯ ಯುರೋಪ್ ಲೀಗ್ ಆಡುತ್ತವೆ. ಚೆನ್ನಾಗಿ ಆಡಿದ ಹುಡುಗನನ್ನು ಇಟಲಿ, ಪೋಲೆಂಡ್, ಟರ್ಕಿಯ ಕ್ಲಬ್ಬುಗಳು ಬೇಗ ಕರೆದುಕೊಳ್ಳುತ್ತವೆ. ಉರ್ನಾವುತ್ ಟ್ರೆಂಟೊ, ಮೊಡೆನಾ ಕ್ಲಬ್ಬುಗಳಿಗೆ ಆಡಿದ. ಚೆಬುಲ್ ಪೋಲೆಂಡಿನ ಜೆಶೊವ್‌ಗೆ. ಮೋಜಿಚ್ ಹತ್ತೊಂಬತ್ತರ ಹೊತ್ತಿಗೇ ಇಟಲಿಯ ವೆರೊನಾ ಸೇರಿದ. ಇದನ್ನು ಪ್ರತಿಭೆ ಸೋರಿಹೋಗುವುದು ಎಂದು ದೂರುವವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ವಾರವಾರವೂ ಜಗತ್ತಿನ ಅತಿ ಕಠಿಣ ಸರ್ವ್ ಎದುರಿಸುವ ತರಬೇತಿಯನ್ನು ಇನ್ನೊಬ್ಬರ ಖರ್ಚಿನಲ್ಲಿ ಪಡೆದಂತಾಯಿತು, ಅಷ್ಟೆ. ತೊಂದರೆ ಇರುವುದು ಬೇರೆಡೆ: ಕ್ಲಬ್ಬಿನ ಋತು ಅಕ್ಟೋಬರಿನಿಂದ ಮೇವರೆಗೆ, ದೇಶದ ತಂಡದ್ದು ಮೇಯಿಂದ ಸೆಪ್ಟೆಂಬರಿನವರೆಗೆ. ಮಂಡಿ, ಭುಜಗಳಿಗೆ ವಿಶ್ರಾಂತಿಯೇ ಇಲ್ಲ.

ಕೋಚ್‌ಗಳನ್ನಂತೂ ಹೊರಗಿನಿಂದಲೇ ತಂದರು. 2015ರ ಬೆಳ್ಳಿ ಇಟಲಿಯ ಆಂದ್ರೆಯಾ ಜಾನಿ ಕಾಲದ್ದು. ಆಮೇಲೆ ಸರ್ಬಿಯಾದ ಸ್ಲೊಬೊದಾನ್ ಕೊವಾಚ್, ಇಟಲಿಯ ಅಲ್ಬೆರ್ತೊ ಜುಲಿಯಾನಿ, ಆಸ್ಟ್ರೇಲಿಯಾದ ಮಾರ್ಕ್ ಲೆಬೆಡ್ಯೂ, ರುಮೇನಿಯಾದ ಗೆಯೋರ್ಗೆ ಕ್ರೆತ್ಸು. ಹತ್ತು ವರ್ಷದೊಳಗೆ ಐದು ಕೋಚ್, ಆದರೆ ಆಟಗಾರರ ತಿರುಳು ಮಾತ್ರ ಬಹುತೇಕ ಅದೇ. ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು ನಡೆಯುತ್ತದೆ.

ಇನ್ನು ರ‍್ಯಾಂಕಿಂಗ್. ಹೆಚ್ಚು ಜನ ಗಮನಿಸದ, ಆದರೆ ಸಣ್ಣ ದೇಶದ ಹಣೆಬರಹ ಬರೆಯುವ ವಿಷಯ ಇದು. 2020ರಿಂದ ವಿಶ್ವ ರ‍್ಯಾಂಕಿಂಗ್ ಪ್ರತಿ ಪಂದ್ಯಕ್ಕೂ ಬದಲಾಗುತ್ತದೆ. ಒಬ್ಬರು ಗಳಿಸಿದಷ್ಟನ್ನು ಇನ್ನೊಬ್ಬರು ಕಳೆದುಕೊಳ್ಳುತ್ತಾರೆ. ಎಷ್ಟು ಎಂಬುದು ಮೂರರ ಮೇಲೆ ನಿಂತಿದೆ: ಎರಡು ತಂಡಗಳ ಅಂಕಗಳ ಅಂತರ, ಸೆಟ್‌ಗಳ ಫಲಿತಾಂಶ, ಕೂಟದ ತೂಕ. ಒಲಿಂಪಿಕ್ಸ್‌ಗೆ ತೂಕ 50, ವಿಶ್ವ ಚಾಂಪಿಯನ್‌ಶಿಪ್‌ಗೆ 45, ದೇಶಗಳ ತಂಡಗಳು ವರ್ಷವರ್ಷ ಆಡುವ ನೇಷನ್ಸ್ ಲೀಗ್‌ಗೆ 40. ಬಲಿಷ್ಠ ತಂಡ ದುರ್ಬಲ ತಂಡವನ್ನು 3-2ರಲ್ಲಿ ಗೆದ್ದರೆ ಹೆಚ್ಚುಕಮ್ಮಿ ಏನೂ ದಕ್ಕುವುದಿಲ್ಲ. ಸೋತರೆ ತಿಂಗಳ ದುಡಿಮೆ ಹೋಯಿತು.

ನೇಷನ್ಸ್ ಲೀಗ್‌ಗೆ ಸ್ಲೊವೇನಿಯಾ ಹಿಂಬಾಗಿಲಿಂದ ಬಂದದ್ದಲ್ಲ. ಆ ಲೀಗಿಗೆ ಜಾಗ ಕೊಡುವ 2019ರ ಚಾಲೆಂಜರ್ ಕಪ್ಪನ್ನು ಲ್ಯುಬ್ಲಿಯಾನಾದಲ್ಲಿ ಕ್ಯೂಬಾ ವಿರುದ್ಧ ಗೆದ್ದು ಬಂತು. 2020ರ ಲೀಗ್ ಕೊರೊನಾದಿಂದ ರದ್ದಾಯಿತು. 2021ರಲ್ಲಿ ಇಟಲಿಯ ರಿಮಿನಿಯಲ್ಲಿ, ಹೊರಗಿನವರ ಸಂಪರ್ಕವಿಲ್ಲದೆ, ಒಂದು ತಿಂಗಳೊಳಗೆ 15 ಲೀಗ್ ಪಂದ್ಯ. ಮೊದಲ ಪ್ರಯತ್ನದಲ್ಲೇ ನಾಲ್ಕನೇ ಸ್ಥಾನ. ಮರುವರ್ಷ ರಷ್ಯಾದ ಕೈತಪ್ಪಿದ ವಿಶ್ವ ಚಾಂಪಿಯನ್‌ಶಿಪ್ ಪೋಲೆಂಡ್ ಮತ್ತು ಸ್ಲೊವೇನಿಯಾಕ್ಕೆ ಬಂತು, ಅಲ್ಲೂ ನಾಲ್ಕನೇ ಸ್ಥಾನ.

ಒಲಿಂಪಿಕ್ಸ್ ಬಾಗಿಲು ಮಾತ್ರ ಬಹುಕಾಲ ತೆರೆಯಲಿಲ್ಲ. 2020ರ ಜನವರಿಯಲ್ಲಿ ಬರ್ಲಿನ್‌ನ ಅರ್ಹತಾ ಕೂಟದಲ್ಲಿ ಇದ್ದದ್ದು ಒಂದೇ ಟಿಕೆಟ್, ಅದು ಫ್ರಾನ್ಸ್ ಪಾಲಾಯಿತು. 2023ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ಗಾಗಿ ಟೋಕಿಯೊದಲ್ಲಿ ನಡೆದ ಅರ್ಹತಾ ಗುಂಪಿನಿಂದ ಎರಡು ಜಾಗ: ಅಮೆರಿಕ ಮತ್ತು ಜಪಾನ್. ಜಪಾನ್ ಎದುರು ಸ್ಲೊವೇನಿಯಾ 0-3ರಲ್ಲಿ ಸೋತಿತು. ಉಳಿದದ್ದು 2024ರ ಜೂನ್ ರ‍್ಯಾಂಕಿಂಗ್ ಮೂಲಕ ಐದು ಜಾಗ. ಆಫ್ರಿಕಾದಿಂದ ಅಲ್ಲಿಯವರೆಗೆ ಯಾರೂ ಅರ್ಹರಾಗಿರಲಿಲ್ಲವಾದ್ದರಿಂದ ಅದರಲ್ಲೊಂದು ಈಜಿಪ್ಟಿಗೆ. ನಿಜಕ್ಕೂ ನಾಲ್ಕೇ. ಆ ವರ್ಷದ ನೇಷನ್ಸ್ ಲೀಗ್‌ನಲ್ಲಿ ಮೊದಲೇ ಅರ್ಹತೆ ಪಡೆದ ದೇಶಗಳಿಗೆ ಮುಖ್ಯ ಆಟಗಾರರನ್ನು ಕೂರಿಸುವ ಸ್ವಾತಂತ್ರ್ಯ ಇತ್ತು. ಸ್ಲೊವೇನಿಯಾಕ್ಕೆ ಇರಲಿಲ್ಲ. 12 ಲೀಗ್ ಪಂದ್ಯಗಳಲ್ಲಿ 11 ಗೆದ್ದು, 16 ತಂಡಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿ ನಿಂತು, ಪ್ಯಾರಿಸ್‌ಗೆ ಹೋಯಿತು. ಮೂರು ಬೆಳ್ಳಿಗಿಂತ ಈ ಹನ್ನೊಂದು ಗೆಲುವನ್ನೇ ನಾನು ಮೇಲೆ ಇಡುತ್ತೇನೆ.

ಪ್ಯಾರಿಸ್‌ನಲ್ಲಿ ಕೆನಡಾ, ಸರ್ಬಿಯಾ, ಫ್ರಾನ್ಸ್ ಮೂವರನ್ನೂ ಸೋಲಿಸಿ ಗುಂಪಿನಲ್ಲಿ ಮೊದಲಾಯಿತು. ಫ್ರಾನ್ಸಿನ ಬೆಂಚಿನಲ್ಲಿ ಕೋಚ್ ಆಗಿ ಕುಳಿತಿದ್ದವರು ಅದೇ ಆಂದ್ರೆಯಾ ಜಾನಿ. ಕೊನೆಗೆ ಚಿನ್ನ ಗೆದ್ದದ್ದು ಫ್ರಾನ್ಸ್. ಸ್ಲೊವೇನಿಯಾ ಕ್ವಾರ್ಟರ್ ಫೈನಲ್‌ನಲ್ಲಿ ಪೋಲೆಂಡಿಗೆ 1-3ರಲ್ಲಿ ಸೋತಿತು. ಹಳೆಯ ಬಾಕಿ ಚುಕ್ತಾ.

ಪಾಯೆಂಕ್, ವಿನ್‌ಚಿಚ್ ಹುಟ್ಟಿದ್ದು 1986ರಲ್ಲಿ, ಉರ್ನಾವುತ್ 1988ರಲ್ಲಿ. ಅವರ ಜಾಗ ತುಂಬುವ ಕೆಲಸದ ನಡುವೆಯೇ ನಿಯಮವೂ ಬದಲಾಗಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ರ‍್ಯಾಂಕಿಂಗ್ ಮೂಲಕ ಮೂರೇ ಜಾಗ. 2027ರ ವಿಶ್ವ ಚಾಂಪಿಯನ್‌ಶಿಪ್‌ನಿಂದ ಮೂರು. 2026ರ ಯುರೋಪ್ ಚಾಂಪಿಯನ್‌ಶಿಪ್‌ನಿಂದ ಒಂದೇ ಒಂದು, ಅದೂ ಚಿನ್ನ ಗೆದ್ದವರಿಗೆ. ಬೆಳ್ಳಿಗೆ ಅಲ್ಲಿ ಟಿಕೆಟ್ ಇಲ್ಲ.

ನಮಸ್ಕಾರ.